ಹಿತ್ತಿಲಿನ ಅಪೂರ್ವ ಕಾಯಿಪಲ್ಯಗಳೂ ಬೀಜವನ್ನು ಕಾಪಾಡುವ ಕ್ರಮವೂ

ಪರೀಕ್ಷೆಯ ಫಲಿತಾಂಶ, ಆಟೋಟಗಳ ವರದಿ, ದಾನಿಗಳ ಪಟ್ಟಿ ಇವೇ ಮೊದಲಾದವುಗಳಿಗೆ ಮೀಸಲಾದ ಈ ಸ್ಮರಣ ಸಂಚಿಕೆಯಲ್ಲಿ ಹಿತ್ತಿಲಿನ ವಿಷಯಕ್ಕೆ ಸ್ಥಳವೆಲ್ಲಿಯದು ಎಂದು ಕೆಲವರು ಕೇಳಬಹುದು. ಆದರೆ ಹಳೆಯ ವಿದ್ಯಾರ್ಥಿನಿಯರು ನಮಗೆ ಬರೆಯುವ ಕಾಗದಗಳನ್ನು ಓದುವವರಿಗೆ ಈ ಸಂದೇಹವುಂಟಾಗದು. ಕ್ಷೇಮ ಸಮಾಚಾರವೂ ಮಕ್ಕಳ ವಿದ್ಯಾಭ್ಯಾಸದ ಮಾತೂ ಮುಗಿದ ಮೇಲೆ, ಕಾಗದದ ಕೊನೆಯಲ್ಲಿ, "ತಾಯಿಯ ಮನೆಯಲ್ಲಿ ಬೆಳೆಯುತ್ತಿದ್ದ ಉದ್ದನೆಯ ಬಿಳಿ ಬೆಂಡೆಯ ಬೀಜ ತಮ್ಮಲ್ಲಿ ಸಿಕ್ಕೀತೇ?" ಎಂದೋ, "ಅತ್ತೆಯವರು ತೀರಿಕೊಂಡ ಮೇಲೆ ಆ ಸೌತೆಯ ಬೀಜ ಎಲ್ಲಿಯೂ ದೊರೆಯುತ್ತಿಲ್ಲ" ಎಂದೋ ಒಂದೆರಡು ಸಾಲು ಇದ್ದೇ ಇರುತ್ತದೆ. ಹೀಗೆ ಕೇಳುವವರಲ್ಲಿ ವೈದ್ಯರಿದ್ದಾರೆ, ಉಪಾಧ್ಯಾಯಿನಿಯರಿದ್ದಾರೆ, ಮುಂಬಯಿಯಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ಸಂಸಾರ ಹೂಡಿದವರಿದ್ದಾರೆ. ಅರಣ್ಯದಲ್ಲಿ ಮನ್ನವು ಪ್ರತಿದಿನ ದೊರೆಯುತ್ತಿದ್ದರೂ ಇಸ್ರಾಯೇಲ್ಯರು ಐಗುಪ್ತದ ಸೌತೆಕಾಯಿಯನ್ನೂ ಕರ್ಬೂಜವನ್ನೂ ನೆನೆದು ಅತ್ತರೆಂಬ ಸಂಗತಿಯು ಸತ್ಯವೇದದಲ್ಲಿದೆ. ನಾವು ಶಾಲೆಯಲ್ಲಿ ಆ ಪಾಠವನ್ನು ಕಲಿಸುವಾಗ ಅವರ ಕೃತಘ್ನತೆಯನ್ನು ಎತ್ತಿ ತೋರಿಸುವುದುಂಟು. ಆದರೆ ಈ ಕಾಗದಗಳನ್ನು ಓದಿದ ಮೇಲೆ ಅವರ ಮೇಲೆ ಸ್ವಲ್ಪ ಕನಿಕರವೂ ಹುಟ್ಟುತ್ತದೆ.

ಮನೆಯ ಬೀಜವೆಂಬುದು ಅಂಗಡಿಯ ಪದಾರ್ಥದಂತಲ್ಲ. ಅದನ್ನು ಒಬ್ಬಳು ಮುದುಕಿ ವರ್ಷವರ್ಷವೂ ಬಿತ್ತಿ, ಕಾಯಿ ಬಲಿಸಿ, ಒಣಗಿಸಿ ಇಡುವವರೆಗೆ ಮಾತ್ರ ಅದು ಲೋಕದಲ್ಲಿರುತ್ತದೆ. ಆಕೆ ಹಾಸಿಗೆ ಹಿಡಿದ ವರ್ಷ ಬಿತ್ತನೆ ತಪ್ಪುತ್ತದೆ. ಮರುವರ್ಷ ಮನೆಯಲ್ಲಿ ಸೂತಕ. ಮೂರನೆಯ ವರ್ಷ ಸೊಸೆಯು ಡಬ್ಬಿಯನ್ನು ತೆರೆದು ಬಿತ್ತಿದರೆ ಒಂದೂ ಮೊಳೆಯುವುದಿಲ್ಲ. ಯಾರ ತಪ್ಪೂ ಇಲ್ಲದೆ ನೂರು ವರ್ಷದ ವಸ್ತು ಮೂರು ವರ್ಷದಲ್ಲಿ ಇಲ್ಲವಾಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ಇನ್ನೂ ಬೇಗ. ಏಕೆಂದರೆ ನಾಲ್ಕು ತಿಂಗಳ ಮಳೆಯ ತೇವವೇ ಬೀಜದ ದೊಡ್ಡ ಶತ್ರು. ಆದಕಾರಣ ಯಾವ ಯಾವ ಅಪರೂಪದ ಗಿಡಬಳ್ಳಿಗಳನ್ನು ಮನೆಯಲ್ಲಿ ಬೆಳೆಯಬಹುದು, ಅವುಗಳ ಬೀಜವನ್ನು ತಳಿ ಕೆಡದಂತೆಯೂ ಜೀವ ಹೋಗದಂತೆಯೂ ಹೇಗೆ ಇಟ್ಟುಕೊಳ್ಳತಕ್ಕದ್ದು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಅಪರೂಪವೆಂಬ ಮಾತು ಕಾಲಕ್ಕೆ ತಕ್ಕಂತೆ ಬದಲಾಗತಕ್ಕದ್ದು. ಇಂದು ಯಾವ ಅಡಿಗೆಮನೆಯೂ ಬಿಟ್ಟಿರಲಾರದ ಮೆಣಸಿನಕಾಯಿ, ಟೊಮೆಟೊ, ಬಟಾಟೆ, ಸಿಹಿಗುಂಬಳ ಇವು ಯಾವುವೂ ೧೪೯೮ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಬಳಿ ಇಳಿದಾಗ ಈ ದೇಶದಲ್ಲಿರಲಿಲ್ಲ. ಎಲ್ಲವೂ ಅಮೇರಿಕಾ ಖಂಡದಿಂದ ಬಂದ ಅತಿಥಿಗಳೇ. ಬೆಂಗಳೂರಿನವರು ತಮ್ಮದೆಂದೇ ತಿಳಿದಿರುವ ಸೀಮೆಬದನೆಯೂ ಹೀಗೆಯೇ ಬಂದುದು. ಅದು ಮೆಕ್ಸಿಕೋ ಕಡೆಯ ಬಳ್ಳಿ. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಕೊನೆಯ ಭಾಗದಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್ ಎಂಬವರು ಅದನ್ನು ಅಲ್ಲಿ ಬೆಳೆಯಿಸಿ ಬಳಕೆಗೆ ತಂದರು. "ಸೀಮೆ" ಎಂಬ ಮುಂಚೂಣಿಯ ಮಾತೇ ಅದು ಪರದೇಶಿಯೆಂದು ಸಾರುತ್ತಿದೆ. ಹೀಗಿರುವಲ್ಲಿ ಇಂದಿನ ಅಪರೂಪವು ನಾಳಿನ ನಿತ್ಯದ ಸಾರಾಗಬಹುದು. ಇಂದಿನ ನಿತ್ಯದ ಪಲ್ಯವು ನಾಳೆ ಅಪರೂಪವೂ ಆಗಬಹುದು. ಎರಡನೆಯದೇ ಈಗ ಹೆಚ್ಚಾಗಿ ನಡೆಯುತ್ತಿದೆ.

ಸೀಮೆಬದನೆಯ ವಿಷಯದಲ್ಲಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅದರ ಬೀಜವನ್ನು ಒಣಗಿಸಿ ಇಡುವುದು ಸಾಧ್ಯವಿಲ್ಲ. ಕಾಯಿಯೊಳಗೆ ಒಂದೇ ಬೀಜ. ಅದು ಕಾಯಿಯಲ್ಲಿದ್ದಾಗಲೇ ಮೊಳೆತು ತುದಿಯಿಂದ ಹೊರಗೆ ಇಣುಕುತ್ತದೆ. ಇಡೀ ಕಾಯಿಯನ್ನೇ ನೆಡತಕ್ಕದ್ದು. ಹಲಸು, ಮಾವು ಇವುಗಳ ಬೀಜವೂ ಒಣಗಿದರೆ ಸಾಯುತ್ತದೆ. ಬೀಜಗಳಲ್ಲಿ ಒಣಗಿ ಮಲಗುವ ಜಾತಿ, ಒಣಗಲಾರದ ಜಾತಿ ಎಂಬ ಎರಡು ಬಗೆಗಳಿವೆಯೆಂಬುದನ್ನು ತಿಳಿಯದೆ ಎಲ್ಲವನ್ನೂ ಬಿಸಿಲಿಗೆ ಹಾಕುವವರಿದ್ದಾರೆ. ಪುಣ್ಯವಶಾತ್ ನಮ್ಮ ತರಕಾರಿಗಳಲ್ಲಿ ಬಹುಪಾಲು ಮೊದಲನೆಯ ಬಗೆಯವು.

ಮನೆಯಲ್ಲಿ ಬೆಳೆಯತಕ್ಕ ಅಪೂರ್ವ ಬಳ್ಳಿಗಳಲ್ಲಿ ನಾವು ಮೊದಲ ಸ್ಥಾನವನ್ನು ಕೊಡುವುದು ರೆಕ್ಕೆಯವರೆಗೆ. ಇದರ ಕಾಯಿಗೆ ನಾಲ್ಕು ಅಂಚುಗಳಿದ್ದು ಒಂದೊಂದು ಅಂಚಿನ ಉದ್ದಕ್ಕೂ ಸುಕ್ಕುಸುಕ್ಕಾದ ರೆಕ್ಕೆಯಂತಹ ತೊಗಲಿರುತ್ತದೆ. ಎಳೆಯ ಕಾಯಿ, ಚಿಗುರೆಲೆ, ನೀಲಿ ಹೂವು, ಬಲಿತ ಕಾಳು, ಬೇರಿನ ಗೆಡ್ಡೆ ಎಲ್ಲವೂ ಆಹಾರವೇ. ಒಂದು ಗಿಡದಲ್ಲಿ ಬಿಸಾಡತಕ್ಕದ್ದು ಇಷ್ಟು ಕಡಿಮೆಯಿರುವ ಉದಾಹರಣೆ ಬೇರೆ ಸಿಗುವುದು ಕಷ್ಟ. ಒಣಕಾಳಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಸಾರಜನಕ ಪದಾರ್ಥವಿದೆ; ಈ ವಿಷಯದಲ್ಲಿ ಅದು ಸೋಯಾ ಅವರೆಗೆ ಸಮೀಪವಾದುದು. ೧೯೭೫ರಲ್ಲಿ ಅಮೇರಿಕಾದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯವರು ಇದೊಂದರ ವಿಷಯವಾಗಿಯೇ ಪುಸ್ತಕವನ್ನು ಪ್ರಕಟಿಸಿ ಉಷ್ಣದೇಶಗಳ ಬಡವರಿಗೆ ಇದು ಮಹದುಪಕಾರಿಯೆಂದು ಹೊಗಳಿದರು. ಆ ಹೊಗಳಿಕೆಯಂತೆ ಇದು ಹೊಲದ ಬೆಳೆಯಾಗಿ ಲೋಕವನ್ನು ವ್ಯಾಪಿಸಲಿಲ್ಲ. ಏಕೆಂದರೆ ಬಳ್ಳಿಗೆ ಚಪ್ಪರ ಬೇಕು, ಕಾಯಿಗಳು ಒಂದೇ ಸಲ ಬಲಿಯುವುದಿಲ್ಲ. ಆದರೆ ಹೊಲದವನಿಗೆ ದೋಷವಾದದ್ದು ಹಿತ್ತಿಲಿನವಳಿಗೆ ಗುಣವೇ. ಪ್ರತಿದಿನ ನಾಲ್ಕು ಕಾಯಿ ಸಿಕ್ಕುವುದು ಮನೆಯಾಕೆಗೆ ಒಂದೇ ದಿನ ನಾಲ್ಕು ನೂರು ಸಿಕ್ಕುವುದಕ್ಕಿಂತ ಮೇಲಲ್ಲವೇ?

ಇದನ್ನು ಬಿತ್ತುವವರು ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಬೀಜದ ಸಿಪ್ಪೆ ಬಹಳ ಗಡುಸು. ಒಂದು ಬದಿಯನ್ನು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ ರಾತ್ರಿಯೆಲ್ಲಾ ನೀರಿನಲ್ಲಿ ನೆನೆಹಾಕಿ ಬಿತ್ತಿದರೆ ಬೇಗ ಮೊಳೆಯುವುದು. ಹಾಗೆ ಮಾಡದಿದ್ದರೆ ತಿಂಗಳಾದರೂ ಮಣ್ಣಿನಲ್ಲಿ ಮಲಗಿರುವುದುಂಟು. ಎರಡನೆಯದು, ಹಗಲು ಚಿಕ್ಕದಾಗುವ ತನಕ ಈ ಬಳ್ಳಿ ಹೂ ಬಿಡುವುದಿಲ್ಲ. ಜೂನ್‌ನಲ್ಲಿ ಬಿತ್ತಿದವರು ಆಗಸ್ಟ್‌ನಲ್ಲಿ ಹೂ ಕಾಣದೆ ಬೇಸತ್ತು ಕಿತ್ತೆಸೆಯುವುದನ್ನು ನಾವು ಕೇಳಿದ್ದೇವೆ. ಅಕ್ಟೋಬರ್ ತನಕ ತಾಳ್ಮೆಯಿರಲಿ. ಬಲಿತ ಕಾಳನ್ನು ಚೆನ್ನಾಗಿ ನೆನೆಸಿ ಬೇಯಿಸಿಯೇ ತಿನ್ನತಕ್ಕದ್ದು. ಹಸಿಯಾಗಿ ಅದು ಜೀರ್ಣಕ್ಕೆ ವಿರೋಧಿ.

ಇದರ ಜ್ಞಾತಿಯಾದ ಕತ್ತಿಯವರೆಯೂ ಹಿತ್ತಿಲಿಗೆ ಒಳ್ಳೆಯದು. ಗಿಡಕ್ಕೆ ರೋಗ ಕಡಿಮೆ, ಒಂದು ಬಳ್ಳಿ ಒಂದು ಮನೆಗೆ ಸಾಕು. ಬೆರಳುದ್ದದ ಎಳೆಗಾಯಿಯಿಂದ ಗೇಣುದ್ದದ ತನಕ ಪಲ್ಯಕ್ಕಾಗುವುದು. ಆದರೆ ಬಲಿತ ಕಾಳಿನಲ್ಲಿ ವಿಷಾಂಶವಿರುವುದರಿಂದ ಅದನ್ನು ಬಿತ್ತನೆಗೆ ಮಾತ್ರ ಇಟ್ಟುಕೊಳ್ಳುವುದು ಕ್ಷೇಮ.

ಮಟ್ಟುಗುಳ್ಳದ ಹೆಸರನ್ನು ಕೇಳದವರು ನಮ್ಮ ಜಿಲ್ಲೆಗಳಲ್ಲಿಲ್ಲ. ಕಟಪಾಡಿಗೆ ಸಮೀಪದ ಮಟ್ಟು ಗ್ರಾಮದ ಆ ಗುಂಡನೆಯ ಹಸುರು ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜ ಸ್ವಾಮಿಗಳು ಅಲ್ಲಿಯವರಿಗೆ ಕೊಟ್ಟರೆಂಬ ಪ್ರತೀತಿಯಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅಂದರೆ ಬೇರೆಡೆ ಬೆಳೆದುದನ್ನು ಆ ಹೆಸರಿನಿಂದ ಮಾರತಕ್ಕದ್ದಲ್ಲ. ಮನೆಯ ಬಳಕೆಗೆ ಬೆಳೆಯಲು ಅಡ್ಡಿಯೇನೂ ಇಲ್ಲ, ಆದರೆ ಆ ಮಣ್ಣಿನ ರುಚಿಯನ್ನು ಬೀಜದೊಂದಿಗೆ ಹೊತ್ತು ತರಲಾಗದು. ಮತಗಳು ಬೇರೆಯಾದರೂ ನಾಲ್ಕು ಶತಮಾನಗಳ ಕಾಲ ಒಂದು ಬದನೆಯನ್ನು ಕೆಡದಂತೆ ಕಾಪಾಡಿದ ಆ ರೈತರ ಶ್ರದ್ಧೆಯಿಂದ ನಾವೆಲ್ಲರೂ ಕಲಿಯತಕ್ಕದ್ದಿದೆ.

ಮಡಹಾಗಲವನ್ನು ಕಾಡಿನಿಂದ ತಂದು ಮಾರುವುದನ್ನು ಆಟಿ ತಿಂಗಳಿನಲ್ಲಿ ಎಲ್ಲರೂ ಕಂಡಿರುವಿರಿ. ಮೃದುವಾದ ಮುಳ್ಳುಗಳುಳ್ಳ ಈ ಸಣ್ಣ ಕಾಯಿಗೆ ಹಾಗಲದ ಕಹಿಯಿಲ್ಲ. ಇದನ್ನು ಬೀಜದಿಂದ ಬೆಳೆದವರು ಹಲವರು ನಿರಾಶರಾಗುತ್ತಾರೆ. ಕಾರಣವೇನೆಂದರೆ ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದಿಂದ ಹುಟ್ಟಿದವುಗಳಲ್ಲಿ ಅರ್ಧದಷ್ಟು ಗಂಡಾಗಿ ಹೂ ಮಾತ್ರ ಬಿಡುವುವು. ಆದಕಾರಣ ಹೆಣ್ಣು ಬಳ್ಳಿಯ ಗೆಡ್ಡೆಯನ್ನೇ ನೆಡತಕ್ಕದ್ದು. ಎಂಟು ಹತ್ತು ಹೆಣ್ಣಿಗೆ ಒಂದು ಗಂಡಿದ್ದರೆ ಸಾಕು. ಬೇಸಿಗೆಯಲ್ಲಿ ಬಳ್ಳಿ ಸಂಪೂರ್ಣ ಒಣಗಿ ಹೋಗುವುದು. ಸತ್ತಿತೆಂದು ಅಗೆದು ಹಾಕಬಾರದು. ಮೊದಲ ಮಳೆಗೆ ಗೆಡ್ಡೆಯಿಂದ ಮರಳಿ ಏಳುವುದು. ಈ ಬಳ್ಳಿಯ ಬೀಜರಕ್ಷಣೆಯೆಂದರೆ ಗೆಡ್ಡೆಯಿರುವ ಸ್ಥಳಕ್ಕೆ ಒಂದು ಕಲ್ಲನ್ನು ಗುರುತಿಡುವುದು, ಅಷ್ಟೇ.

ಬಸಳೆಯ ವಿಷಯವನ್ನು ಕರಾವಳಿಯವರಿಗೆ ಹೇಳುವುದು ಅನಾವಶ್ಯಕ. ಅದರ ಕಪ್ಪು ಹಣ್ಣಿನ ರಸದಿಂದ ಶಾಯಿ ಮಾಡಿ ಬರೆದ ಹುಡುಗಿಯರು ಇದನ್ನು ಓದುವವರಲ್ಲಿಯೂ ಇರಬಹುದು. ಆ ಹಣ್ಣಿನೊಳಗಿನ ಕಾಳೇ ಬೀಜವೆಂದಷ್ಟು ಹೇಳಿದರೆ ಸಾಕು. ಚಕ್ರಮುನಿಯ ವಿಷಯದಲ್ಲಿ ಮಾತ್ರ ಎಚ್ಚರಿಕೆಯ ಒಂದು ಮಾತುಂಟು. ಕಡ್ಡಿ ನೆಟ್ಟರೆ ಬೇಲಿಯಾಗಿ ಬೆಳೆಯುವ ಈ ಸೊಪ್ಪು ತಂಬುಳಿಗೂ ಪಲ್ಯಕ್ಕೂ ಯೋಗ್ಯವಾದುದೇ. ಆದರೆ ತೈವಾನ್ ದ್ವೀಪದಲ್ಲಿ ೧೯೯೪-೯೫ರ ಸುಮಾರಿಗೆ ದೇಹವನ್ನು ಇಳಿಸುವುದಕ್ಕೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ, ಹೆಚ್ಚಾಗಿ ಹೆಂಗಸರಿಗೆ, ಗುಣವಾಗದ ಶ್ವಾಸಕೋಶದ ರೋಗ ತಗಲಿತು, ಕೆಲವರು ಸತ್ತರು. ನಮ್ಮ ಹಿರಿಯರು ಮಾಡಿದಂತೆ ಬೇಯಿಸಿ, ಮಿತವಾಗಿ, ಇತರ ಸೊಪ್ಪುಗಳ ಸಂಗಡ ತಿನ್ನುವುದಕ್ಕೂ ಲೋಟಗಟ್ಟಲೆ ಹಸಿ ರಸ ಕುಡಿಯುವುದಕ್ಕೂ ಬಹಳ ಅಂತರವಿದೆ. ಈಗಿನ ತರುಣಿಯರು ಯಾವ ಸೊಪ್ಪನ್ನಾದರೂ ಅಮೃತವೆಂದು ಕೇಳಿದೊಡನೆ ಅರೆದು ಕುಡಿಯುವ ಚಾಳಿಯನ್ನು ನಾವು ಮೆಚ್ಚಲಾರೆವು.

ಇನ್ನು ಬೀಜದ ವಿಷಯಕ್ಕೆ ಬರುವೆವು. ಒಳ್ಳೆಯ ಬೀಜವನ್ನು ಇಡಬೇಕಾದರೆ ಮೊದಲು ಆ ಗಿಡದ ವಿವಾಹಪದ್ಧತಿಯನ್ನು ತಿಳಿಯಬೇಕು. ಅವರೆ, ಅಲಸಂದೆ, ಬಟಾಣಿ, ಟೊಮೆಟೊ ಇವುಗಳ ಹೂವು ಅರಳುವ ಹೊತ್ತಿಗೆ ತನ್ನ ಪರಾಗದಿಂದ ತಾನೇ ಫಲಿಸುವುದು ಹೆಚ್ಚು. ಇವುಗಳಲ್ಲಿ ಬೆರಕೆಯ ಭಯ ಸ್ವಲ್ಪವೇ. ಬೆಂಡೆ ಬದನೆಗಳು ನಡುವಣ ಸ್ಥಿತಿಯವು. ತಾವೇ ಫಲಿಸಬಲ್ಲವು, ಆದರೆ ದುಂಬಿಗಳು ಬಂದು ಬೆರಕೆ ಮಾಡುವುದೂ ಉಂಟು. ಮೊಗ್ಗಿಗೆ ತೆಳುವಾದ ಬಟ್ಟೆಯ ಚೀಲವನ್ನು ಕಟ್ಟಿ ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಆ ಕಾಯಿಗೆ ಬಣ್ಣದ ನೂಲು ಕಟ್ಟಿ ಗುರುತಿಟ್ಟರೆ ಸಾಕು. ಹರಿವೆಯ ಪರಾಗವು ಗಾಳಿಯಲ್ಲಿ ಹಾರುವುದರಿಂದ ಕೆಂಪು ಹರಿವೆಯನ್ನೂ ಬಿಳಿ ಹರಿವೆಯನ್ನೂ ಒಂದೇ ಹಿತ್ತಿಲಿನಲ್ಲಿ ಬೀಜಕ್ಕೆ ಬಿಡಬಾರದು. ಈ ವರ್ಷ ಒಂದು, ಬರುವ ವರ್ಷ ಇನ್ನೊಂದು ಎಂದು ಸರದಿಯಿಟ್ಟರೆ ತೊಂದರೆಯಿಲ್ಲ. ಒಂದೇ ಗಿಡದಲ್ಲಿ ಸಾವಿರಗಟ್ಟಲೆ ಕಾಳು ಬರುವುದರಿಂದ ಎರಡು ವರ್ಷಕ್ಕೆ ಸಾಲುವುದು.

ಬಹಳ ಜಾಗ್ರತೆ ಬೇಕಾದದ್ದು ಸೋರೆ, ಹೀರೆ, ಸೌತೆ, ಕುಂಬಳ ಮೊದಲಾದ ಬಳ್ಳಿಗಳ ಪಂಗಡಕ್ಕೆ. ಇವುಗಳಲ್ಲಿ ಒಂದೇ ಬಳ್ಳಿಯ ಮೇಲೆ ಗಂಡು ಹೂವೂ ಹೆಣ್ಣು ಹೂವೂ ಬೇರೆಬೇರೆಯಾಗಿವೆ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರವಿರುವುದರಿಂದ ಮಕ್ಕಳೂ ಗುರುತಿಸಬಲ್ಲರು. ಜೇನುನೊಣವೂ ಪತಂಗವೂ ನೆರೆಮನೆಯ ಬಳ್ಳಿಯಿಂದ ಪರಾಗವನ್ನು ತರುವುವು. ಆದಕಾರಣ ನಾವೇ ಮದುವೆ ಮಾಡಿಸಬೇಕು. ಅರಳಲಿರುವ ಗಂಡು ಮೊಗ್ಗನ್ನೂ ಹೆಣ್ಣು ಮೊಗ್ಗನ್ನೂ ಮುಂಚಿತವಾಗಿ ನೂಲಿನಿಂದ ಸಡಿಲವಾಗಿ ಕಟ್ಟಿ, ಅರಳುವ ಸಮಯಕ್ಕೆ ಗಂಡು ಹೂವನ್ನು ಕಿತ್ತು ದಳಗಳನ್ನು ತೆಗೆದು ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿ, ಹೆಣ್ಣು ಹೂವನ್ನು ಮರಳಿ ಕಟ್ಟಿಬಿಡತಕ್ಕದ್ದು. ಸಮಯ ಮಾತ್ರ ಜಾತಿಗೆ ತಕ್ಕಂತೆ ಬೇರೆ. ಸೌತೆ, ಕುಂಬಳ, ತುಪ್ಪದ ಹೀರೆ ಇವು ಬೆಳಿಗ್ಗೆ ಅರಳುವುವು. ಸೋರೆಯ ಬಿಳಿ ಹೂವೂ ಏಣುಹೀರೆಯ ಹಳದಿ ಹೂವೂ ಸಾಯಂಕಾಲ ಅರಳುವುವು. ಸಂಜೆಯ ಹೂವಿಗೆ ಬೆಳಿಗ್ಗೆ ಹೋದರೆ ಅದಾಗಲೇ ಬಾಡಿರುವುದು. ಈ ಸಣ್ಣ ಸಂಗತಿಯನ್ನು ತಿಳಿಯದೆ "ಕೈಯಿಂದ ಮಾಡಿದರೆ ಕಾಯಿ ಹಿಡಿಯುವುದಿಲ್ಲ" ಎಂದು ಬಿಟ್ಟವರು ಎಷ್ಟೋ ಮಂದಿ.

ಯಾವುದು ಯಾವುದರೊಂದಿಗೆ ಬೆರೆಯುವುದೆಂಬುದನ್ನು ಹೆಸರಿನಿಂದ ತಿಳಿಯಲಾಗದು. ಮಂಗಳೂರು ಸೌತೆಯು ಹೆಸರಿನಲ್ಲಿ ಸೌತೆಯಾದರೂ ಕುಲದಲ್ಲಿ ಕರ್ಬೂಜದ ಬಂಧು. ಮುಳ್ಳುಸೌತೆಯ ಪಕ್ಕದಲ್ಲಿ ನೆಟ್ಟರೆ ಅದಕ್ಕೆ ಬಾಧೆಯಿಲ್ಲ; ಕರ್ಬೂಜದ ಪಕ್ಕದಲ್ಲಿ ನೆಟ್ಟರೆ ಮುಂದಿನ ವರ್ಷ ಎರಡೂ ಅಲ್ಲದ ಒಂದು ಕಾಯಿ ಬರುವುದು. ಬಾಳೆಯ ನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿದರೆ ಮಳೆಗಾಲದುದ್ದಕ್ಕೂ ಕೆಡದೆ ಉಳಿಯುವ ಆ ಸೌತೆಯ ಗುಣವು ಇಂಥ ಒಂದು ಬೆರಕೆಯಿಂದಲೇ ಹೋದೀತು.

ಬೆರಕೆಯಿಂದ ರುಚಿ ಕೆಡುವುದು ಮಾತ್ರವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸೋರೆಯಲ್ಲಿ ಪ್ರಾಣಕ್ಕೆ ಅಪಾಯವಿದೆ. ಕಾಡು ಸೋರೆಯಲ್ಲಿ ಕುಕುರ್ಬಿಟಾಸಿನ್ ಎಂಬ ಕಡು ಕಹಿಯಾದ ವಿಷ ಪದಾರ್ಥವಿದೆ. ಕಹಿ ಸೋರೆಯ ಪರಾಗವು ನಮ್ಮ ಸಿಹಿ ಸೋರೆಯ ಹೂವಿಗೆ ತಗಲಿದರೆ ಈ ವರ್ಷದ ಕಾಯಿಗೆ ಏನೂ ಆಗದು. ಏಕೆಂದರೆ ಕಾಯಿಯ ತಿರುಳು ತಾಯಿಯದು. ಒಳಗಿನ ಬೀಜ ಮಾತ್ರ ತಂದೆತಾಯಿಗಳಿಬ್ಬರದು. ಆ ಬೀಜವನ್ನು ನಂಬಿ ಮುಂದಿನ ವರ್ಷ ಬಿತ್ತಿದಾಗ, ನೋಡುವುದಕ್ಕೆ ಮೊದಲಿನಂತೆಯೇ ಇರುವ ಕಾಯಿ ಕಹಿಯಾಗಿ ಬರುವುದು. ೨೦೧೦ರಲ್ಲಿ ದೆಹಲಿಯಲ್ಲಿ ಕಹಿಯಾದ ಸೋರೆಯ ರಸವನ್ನು ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿದ ಒಬ್ಬರು ಮರಣಹೊಂದಿದರು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ತಜ್ಞರ ಸಮಿತಿಯಿಂದ ಪರಿಶೀಲಿಸಿ, ಕಹಿಯಾದ ರಸವನ್ನು ಕುಡಿಯಲೇಬಾರದೆಂದು ಎಚ್ಚರಿಸಿದರು. ಬೇಯಿಸಿದ ಮಾತ್ರಕ್ಕೆ ಈ ಕಹಿ ಹೋಗುವುದಿಲ್ಲ. ಆದಕಾರಣ ಮನೆಯ ಬೀಜದಿಂದ ಬೆಳೆದ ಪ್ರತಿಯೊಂದು ಹೊಸ ಬಳ್ಳಿಯ ಕಾಯಿಯಿಂದಲೂ ಸಾಸಿವೆಯಷ್ಟು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿಯೇ ಅಡಿಗೆಗೆ ತರತಕ್ಕದ್ದು. ಕಹಿಯಾದರೆ ಉಗುಳಿ, ಬಾಯಿ ತೊಳೆದು, ಆ ಬಳ್ಳಿಯನ್ನು ಬುಡಸಹಿತ ಕಿತ್ತುಹಾಕಬೇಕು. "ಉಪ್ಪು ಹೆಚ್ಚಿಗೆ ಹಾಕಿದರೆ ಸರಿಯಾಗುತ್ತದೆ" ಎಂಬ ಮಿತವ್ಯಯವು ಇಲ್ಲಿ ಸಲ್ಲದು. ಸೌತೆಯಲ್ಲಿಯೂ ಅತಿಯಾದ ಕಹಿಯಿದ್ದರೆ ಹಾಗೆಯೇ ಮಾಡತಕ್ಕದ್ದು.

ಅಂಗಡಿಯಿಂದ ತಂದ ಪೊಟ್ಟಣದ ಬೀಜದಿಂದ ಬೆಳೆದ ಗಿಡದಿಂದ ಬೀಜ ಇಡಬಹುದೇ ಎಂಬುದು ಪದೇಪದೇ ಕೇಳುವ ಪ್ರಶ್ನೆ. ಪೊಟ್ಟಣದ ಮೇಲೆ ಸಂಕರ ತಳಿ ಅಥವಾ ಎಫ್-೧ ಎಂದಿದ್ದರೆ ಅದರ ಮಕ್ಕಳು ತಾಯಿಯನ್ನು ಹೋಲುವುದಿಲ್ಲ. ಒಂದೊಂದು ಒಂದೊಂದು ವಿಧ. ಇದರ ರಹಸ್ಯವನ್ನು ಮೊದಲು ಬಿಡಿಸಿದವನು ಬ್ರನ್ ಪಟ್ಟಣದ ಮಠದ ಸನ್ಯಾಸಿ ಗ್ರೆಗೋರ್ ಮೆಂಡೆಲ್. ಮಠದ ತೋಟದಲ್ಲಿ ಬಟಾಣಿಗಳನ್ನು ವರ್ಷಗಟ್ಟಲೆ ಬೆಳೆಸಿ ಎಣಿಸಿ, ೧೮೬೫ರಲ್ಲಿ ಅವನು ಓದಿದ ಪ್ರಬಂಧವನ್ನು ೧೯೦೦ರ ತನಕ ಯಾರೂ ಸರಿಯಾಗಿ ಗಣಿಸಲಿಲ್ಲ. ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಹುಟ್ಟಿದ ಮೊದಲ ತಲೆಮಾರು ಎಲ್ಲವೂ ಎತ್ತರ; ಅವುಗಳ ಮಕ್ಕಳಲ್ಲಿ ಮೂರು ಎತ್ತರಕ್ಕೆ ಒಂದು ಗಿಡ್ಡ. ಸಂಕರ ಬೀಜದ ಮೊದಲ ತಲೆಮಾರಿನ ಏಕರೂಪವನ್ನು ನಾವು ಹಣಕೊಟ್ಟು ಕೊಳ್ಳುತ್ತೇವೆ. ಎರಡನೆಯ ತಲೆಮಾರಿನಲ್ಲಿ ಅದು ಒಡೆದು ಹೋಗುತ್ತದೆ. ಬೀಜ ಇಡಲಿಚ್ಛಿಸುವವರು ನಾಟಿ ತಳಿಯನ್ನೇ ಹುಡುಕತಕ್ಕದ್ದು.

ಬೀಜ ಇಡುವುದಕ್ಕೆ ಕಾನೂನಿನ ಅಡ್ಡಿಯಿದೆಯೇ ಎಂದು ಕೆಲವು ಪೋಷಕರು ಸಂಶಯಪಟ್ಟಿದ್ದಾರೆ. ಇಲ್ಲ. ೨೦೦೧ರ ಸಸ್ಯ ತಳಿಗಳ ಹಾಗೂ ರೈತರ ಹಕ್ಕುಗಳ ಕಾಯಿದೆಯು ಬೆಳೆದ ಬೀಜವನ್ನು ಇಡುವ, ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕನ್ನು ರೈತರಿಗೆ ಸ್ಪಷ್ಟವಾಗಿ ಕೊಟ್ಟಿದೆ. ರಕ್ಷಿತ ತಳಿಯನ್ನು ಅದರ ಹೆಸರಿನ ಮುದ್ರೆಯೊತ್ತಿ ಪೊಟ್ಟಣ ಮಾಡಿ ಮಾರುವುದು ಮಾತ್ರ ಕೂಡದು.

ಬೀಜಕ್ಕೆ ಯಾವ ಕಾಯಿಯನ್ನು ಬಿಡಬೇಕೆಂಬಲ್ಲಿ ನಮ್ಮ ಮನೆಗಳಲ್ಲಿ ಒಂದು ಕೆಟ್ಟ ವಾಡಿಕೆಯಿದೆ. ಮೊದಲ ಚೆಂದದ ಕಾಯಿಗಳನ್ನೆಲ್ಲಾ ತಿಂದು, ಬಳ್ಳಿ ಸೊರಗಿದ ಮೇಲೆ ಎಲೆಯ ಮರೆಯಲ್ಲಿ ಉಳಿದ ಸೊಟ್ಟ ಕಾಯಿಯೊಂದನ್ನು ಬೀಜಕ್ಕೆ ಬಿಡುವುದು. ಹೀಗೆ ಹತ್ತು ವರ್ಷ ಮಾಡಿದರೆ ಉತ್ತಮವನ್ನು ತಿಂದು ಅಧಮವನ್ನು ಬಿತ್ತಿದಂತಾಗುವುದು. ರೋಗವಿಲ್ಲದ ಬಲವಾದ ಬಳ್ಳಿಯ ಎರಡನೆಯ ಅಥವಾ ಮೂರನೆಯ ಕಾಯಿಗೆ ಮೊದಲೇ ನೂಲು ಕಟ್ಟಿ ಬಿಡಬೇಕು. ಒಂದೇ ಬಳ್ಳಿಯಿಂದ ವರ್ಷವರ್ಷವೂ ಬೀಜ ತೆಗೆದರೆ ವಂಶ ಕ್ಷೀಣಿಸುವ ಸಂಭವವಿರುವುದರಿಂದ ಐದಾರು ಬಳ್ಳಿಗಳಿಂದ ಸೇರಿಸಿ ಇಡುವುದು ಒಳ್ಳೆಯದು. ಹಿತ್ತಿಲಿನಲ್ಲಿ ಅಷ್ಟು ಸ್ಥಳವಿಲ್ಲದವರು ನೆರೆಯ ಎರಡು ಮೂರು ಮನೆಗಳು ಕೂಡಿಕೊಂಡು ಒಂದೇ ತಳಿಯನ್ನು ಬೆಳೆಯಬಹುದು.

ಬದನೆಯನ್ನು ಹಳದಿಯಾಗಿ ಮೆತ್ತಗಾಗುವ ತನಕ ಗಿಡದಲ್ಲಿಯೇ ಬಿಡಬೇಕು. ಟೊಮೆಟೊ, ಸೌತೆ ಇವುಗಳ ಬೀಜವನ್ನು ತಿರುಳಿನೊಡನೆ ಪಾತ್ರೆಯಲ್ಲಿ ಎರಡು ದಿನ ಹುಳಿಯಲು ಬಿಟ್ಟರೆ ಮೇಲಣ ಲೋಳೆ ಕರಗುವುದು. ಆಮೇಲೆ ತೊಳೆದಾಗ ಗಟ್ಟಿ ಬೀಜ ತಳದಲ್ಲಿ ನಿಲ್ಲುವುದು, ಜೊಳ್ಳು ತೇಲಿಹೋಗುವುದು. ಒಣಗಿಸುವುದು ನೆರಳಿನಲ್ಲಿ, ಗಾಳಿಯಾಡುವಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ಕಾದ ಸಿಮೆಂಟಿನ ಅಂಗಳವು ಹಸಿ ಬೀಜವನ್ನು ಒಳಗೇ ಬೇಯಿಸಿಬಿಡುವುದು. ಸೌತೆಯ ಬೀಜವು ಬಗ್ಗದೆ ಚಟ್ಟನೆ ಮುರಿದರೆ, ಅವರೆಯ ಕಾಳು ಹಲ್ಲಿಗೆ ತಗ್ಗದೆ ಸುತ್ತಿಗೆಗೆ ಪುಡಿಯಾದರೆ, ಸಾಕಷ್ಟು ಒಣಗಿತೆಂದು ತಿಳಿಯಬೇಕು.

ನಮ್ಮ ಅಜ್ಜಿಯಂದಿರು ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಇಲ್ಲವೆ ಸೆಗಣಿಯೊಡನೆ ಗೋಡೆಗೆ ಮೆತ್ತಿ, ಇಲ್ಲವೆ ಒಣ ಸೋರೆಬುರುಡೆಯೊಳಗೆ ತುಂಬಿ ಒಲೆಯ ಮೇಲಣ ಅಟ್ಟದಲ್ಲಿ ಇಡುತ್ತಿದ್ದರು. ಇದನ್ನು ಮೂಢಾಚಾರವೆಂದು ನಕ್ಕವರು ವಿಚಾರಮಾಡಲಿಲ್ಲ. ಒಲೆಯ ಬಿಸಿಯು ತೇವವನ್ನು ಹೀರುತ್ತಿತ್ತು. ಹೊಗೆಯು ಹುಳವನ್ನು ದೂರವಿಡುತ್ತಿತ್ತು. ಬೂದಿಯು ಎರಡನ್ನೂ ಮಾಡುತ್ತಿತ್ತು. ಈಗ ಒಲೆ ಹೋಗಿ ಗ್ಯಾಸ್ ಬಂದಿದೆ, ಅಟ್ಟ ಹೋಗಿ ಕಾಂಕ್ರೀಟು ಬಂದಿದೆ. ಹೊಗೆಯು ಹೋದುದರಿಂದ ಹೆಂಗಸರ ಕಣ್ಣೂ ಎದೆಯೂ ಉಳಿದುವು, ಅದಕ್ಕೆ ನಾವು ಸಂತೋಷಪಡುತ್ತೇವೆ. ಆದರೆ ಬೀಜಕ್ಕೆ ಬೇರೆ ಮನೆಯನ್ನು ಕಟ್ಟಿಕೊಡಬೇಕಾಗಿದೆ. ಬಿಗಿಯಾದ ಮುಚ್ಚಳವುಳ್ಳ ಗಾಜಿನ ಭರಣಿಯ ತಳದಲ್ಲಿ, ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಎರಡಂಗುಲ ಹಾಕಿ, ಅದರ ಮೇಲೆ ಬೀಜದ ಕಾಗದದ ಪೊಟ್ಟಣಗಳನ್ನಿಟ್ಟರೆ ಅಕ್ಕಿಯು ತೇವವನ್ನು ಎಳೆದುಕೊಳ್ಳುವುದು. ಸಿಲಿಕಾ ಜೆಲ್ ಸಿಕ್ಕಿದರೆ ಇನ್ನೂ ಉತ್ತಮ. ಹೀಗೆ ಒಣಗಿದ ಭರಣಿಯನ್ನು ಫ್ರಿಜ್ಜಿನಲ್ಲಿಡಬಹುದು. ಬೀಜದ ತೇವವು ನೂರಕ್ಕೆ ಒಂದಂಶ ಕಡಿಮೆಯಾದರೆ ಅದರ ಆಯುಸ್ಸು ಸುಮಾರು ಇಮ್ಮಡಿ, ಇಟ್ಟ ಸ್ಥಳದ ಉಷ್ಣವು ೫ ಡಿಗ್ರಿ ಸೆಂಟಿಗ್ರೇಡ್ ಕಡಿಮೆಯಾದರೆ ಮತ್ತೆ ಇಮ್ಮಡಿ ಎಂಬುದು ಬೀಜಶಾಸ್ತ್ರಜ್ಞ ಹ್ಯಾರಿಂಗ್ಟನ್ ಎಂಬವರು ಕೊಟ್ಟ ಸ್ಥೂಲವಾದ ಲೆಕ್ಕ. ಫ್ರಿಜ್ಜಿನಿಂದ ತೆಗೆದ ಭರಣಿಯು ಹೊರಗಿನ ಉಷ್ಣಕ್ಕೆ ಬರುವ ತನಕ ಮುಚ್ಚಳ ತೆರೆಯಬಾರದು. ತೆರೆದರೆ ಗಾಳಿಯ ತೇವವು ತಣ್ಣನೆಯ ಬೀಜದ ಮೇಲೆ ಮಂಜಿನಂತೆ ಕೂಡುವುದು. ಅವರೆ ಅಲಸಂದೆಗಳಿಗೆ ಹೊಲದಲ್ಲಿಯೇ ಹುಳದ ಮೊಟ್ಟೆ ತಗಲಿರುವುದುಂಟು. ಚೆನ್ನಾಗಿ ಒಣಗಿದ ಮೇಲೆ ಒಂದು ವಾರ ಮಂಜುಗಡ್ಡೆಯ ಅರೆಯಲ್ಲಿಟ್ಟರೆ ಅವು ಸಾಯುವುವು.

ಎಷ್ಟೇ ಜೋಪಾನ ಮಾಡಿದರೂ ಈರುಳ್ಳಿಯ ಬೀಜ ಒಂದೆರಡು ವರ್ಷಕ್ಕೇ ಸೊರಗುವುದು. ಸೌತೆ, ಬದನೆ ಇವು ನಾಲ್ಕೈದು ವರ್ಷ ತಡೆಯಬಲ್ಲವು. ಸಂಶಯವಿದ್ದರೆ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತುವೆಂದು ಎಣಿಸಬಹುದು. ಐದಕ್ಕಿಂತ ಕಡಿಮೆಯಾದರೆ ಆ ವರ್ಷವೇ ಎಲ್ಲವನ್ನೂ ಬಿತ್ತಿ ಹೊಸ ಬೀಜ ಮಾಡಿಕೊಳ್ಳತಕ್ಕದ್ದು. ಇನ್ನೊಂದು ವರ್ಷ ಕಾಯುವುದು ಅವಿವೇಕ.

ಬೀಜಕ್ಕಾಗಿ ಜನರು ಏನನ್ನು ಸಹಿಸಿದ್ದಾರೆಂಬುದಕ್ಕೆ ಒಂದು ಇತಿಹಾಸವನ್ನು ಇಲ್ಲಿ ಹೇಳಬೇಕು. ರಷ್ಯಾದ ನಿಕೊಲಾಯ್ ವಾವಿಲೋವ್ ಎಂಬ ಸಸ್ಯಶಾಸ್ತ್ರಜ್ಞನು ಭೂಮಂಡಲದ ನಾನಾ ಕಡೆಗಳಿಂದ ಧಾನ್ಯ ಕಾಯಿಪಲ್ಯಗಳ ಬೀಜವನ್ನು ಕೂಡಿಸಿ ಲೆನಿನ್‌ಗ್ರಾಡ್ ನಗರದಲ್ಲಿ ದೊಡ್ಡ ಭಂಡಾರವನ್ನು ಮಾಡಿದ್ದನು. ೧೯೪೧ರ ಸೆಪ್ಟೆಂಬರದಲ್ಲಿ ಜರ್ಮನ್ ಸೈನ್ಯವು ಆ ನಗರವನ್ನು ಮುತ್ತಿತು. ಮುತ್ತಿಗೆಯು ೧೯೪೪ರ ಜನವರಿಯ ತನಕ ಬಿಡಲಿಲ್ಲ. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಭಂಡಾರದ ಕೆಲಸಗಾರರ ಕೈಯೊಳಗೆ ಅಕ್ಕಿ, ಗೋಧಿ, ಬಟಾಣಿ, ನೆಲಗಡಲೆಗಳ ಸಾವಿರಾರು ಪೊಟ್ಟಣಗಳಿದ್ದುವು. ಅವರು ಮುಟ್ಟಲಿಲ್ಲ. ಅಕ್ಕಿಯ ಸಂಗ್ರಹವನ್ನು ಕಾಯುತ್ತಿದ್ದ ಡಿಮಿಟ್ರಿ ಇವಾನೋವ್ ಅಕ್ಕಿಯ ಪೊಟ್ಟಣಗಳ ನಡುವೆಯೇ ಹಸಿವಿನಿಂದ ಪ್ರಾಣಬಿಟ್ಟನು; ಇನ್ನೂ ಹಲವರು ಹಾಗೆಯೇ ಸತ್ತರು. ವಾವಿಲೋವನು ತನ್ನ ಸ್ವಂತ ಸರಕಾರದ ಕೋಪಕ್ಕೆ ಗುರಿಯಾಗಿ ಸರಾಟೋವಿನ ಸೆರೆಮನೆಯಲ್ಲಿ ೧೯೪೩ರ ಜನವರಿಯಲ್ಲಿ ತೀರಿಕೊಂಡನು. ಈ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ, "ಅವರು ಸ್ವಲ್ಪ ತಿಂದಿದ್ದರೆ ತಪ್ಪಾಗುತ್ತಿತ್ತೇ?" ಎಂದು ಕೇಳಿದಳು. ತಪ್ಪೆಂದು ಹೇಳುವ ಧೈರ್ಯ ನಮಗೂ ಬರಲಿಲ್ಲ.

ಈಗ ದೊಡ್ಡ ದೊಡ್ಡ ಭಂಡಾರಗಳಿವೆ. ನಮ್ಮ ದೇಶಕ್ಕೆ ೧೯೭೬ರಲ್ಲಿ ದೆಹಲಿಯಲ್ಲಿ ಸಸ್ಯ ತಳಿ ಸಂಪನ್ಮೂಲಗಳ ರಾಷ್ಟ್ರೀಯ ಕಾರ್ಯಾಲಯವು ಸ್ಥಾಪಿತವಾಯಿತು. ೨೦೦೮ರಲ್ಲಿ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪದ ಹಿಮಪರ್ವತದೊಳಗೆ ಲೋಕಕ್ಕೆಲ್ಲಾ ಒಂದು ಉಗ್ರಾಣವನ್ನು ತೆರೆದರು. ಸಮೀಪದಲ್ಲಿ, ಶಿರಸಿಯ ಕಡೆಯ ವನಸ್ತ್ರೀ ಎಂಬ ಹೆಂಗಸರ ಸಂಘದವರು ಮಲೆನಾಡಿನ ಹಿತ್ತಿಲುಗಳ ಬೀಜಗಳನ್ನು ಕೂಡಿಸಿ ಹಂಚುತ್ತಾ ಬಂದಿದ್ದಾರೆ. ಆದರೂ ಹಿಮದೊಳಗೆ ಮಲಗಿದ ಬೀಜಕ್ಕೆ ಸಾಂಬಾರು ಮಾಡುವ ಕ್ರಮ ತಿಳಿಯದು, ತಿಂಗಳ ಹೆಸರು ತಿಳಿಯದು. ಪೊಟ್ಟಣದ ಮೇಲೆ ಗಿಡದ ಹೆಸರನ್ನು ಮಾತ್ರವಲ್ಲ, ಮನೆಯಲ್ಲಿ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಕರೆಯುವ ಹೆಸರು, ಬಿತ್ತುವ ಕಾಲ, ಕೊಯ್ದ ವರ್ಷ, ಯಾರ ಮನೆಯಿಂದ ಬಂತು, ಏನು ಅಡಿಗೆ ಮಾಡುವುದು ಎಂಬುದನ್ನೂ ಬರೆದಿಡಬೇಕೆಂದು ನಾವು ಒತ್ತಾಯಪಡಿಸುವುದು ಇದಕ್ಕಾಗಿಯೇ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ತೆರೆದರೆ ಅದರಲ್ಲಿ ಎಷ್ಟೋ ಗಿಡಗಳ ಹೆಸರುಗಳು ಸಿಕ್ಕುತ್ತವೆ. ಹೆಸರು ಪುಸ್ತಕದಲ್ಲಿದ್ದು ಗಿಡವನ್ನು ಕಂಡವರಿಲ್ಲದ ಸ್ಥಿತಿ ನಮ್ಮ ಹಿತ್ತಿಲಿನವುಗಳಿಗೆ ಬಾರದಿರಲಿ.

ವಿಜ್ಞಾನದ ಕೋಣೆಯ ಬೀರುವಿನಲ್ಲಿ ಎರಡು ಅರೆಗಳನ್ನು ಈ ಕೆಲಸಕ್ಕೆ ಬಿಡಿಸಿದ್ದೇವೆ. ಸದ್ಯಕ್ಕೆ ರೆಕ್ಕೆಯವರೆ, ಕತ್ತಿಯವರೆ, ಕೆಂಪು ಹರಿವೆ, ಎರಡು ಬಗೆಯ ಅಲಸಂದೆ, ಉದ್ದ ಬಿಳಿ ಬೆಂಡೆ ಇವು ಅಲ್ಲಿವೆ. ಬೇಕಾದವರು ಮೇ ತಿಂಗಳೊಳಗೆ ಬರೆದರೆ ಹತ್ತು ಹತ್ತು ಕಾಳುಗಳನ್ನು ಕಳುಹಿಸಿಕೊಡಲಾಗುವುದು. ಬೆಲೆಯಿಲ್ಲ, ಬೆಳೆದ ಮೇಲೆ ಇಪ್ಪತ್ತು ಕಾಳುಗಳನ್ನು ಮರಳಿ ಕಳುಹಿಸತಕ್ಕದ್ದು. ಮಡಿಕೇರಿಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಗೇಣುದ್ದದ, ಬಿಳಿ ಸಿಪ್ಪೆಯ, ಎರಡೂ ತುದಿ ಸಪುರವಾದ ಒಂದು ಸೌತೆಯನ್ನು ಹುಡುಕುತ್ತಿದ್ದಾರೆ. ಅವರ ಅತ್ತೆಯವರ ಡಬ್ಬಿಯಲ್ಲಿದ್ದ ಹನ್ನೊಂದು ಬೀಜಗಳನ್ನು ಕಳೆದ ಜೂನ್‌ನಲ್ಲಿ ನಮ್ಮಲ್ಲಿ ಬಿತ್ತಿದಾಗ ಒಂದೂ ಏಳಲಿಲ್ಲ. ಇಂಥದು ಯಾರ ಹಿತ್ತಿಲಿನಲ್ಲಾದರೂ ಇದ್ದರೆ, ಕಾಯಿಯನ್ನು ಬೀಜಕ್ಕೆ ಬಿಟ್ಟು ದಯವಿಟ್ಟು ಶಾಲೆಗೆ ತಿಳಿಸಿರಿ.